ನಟ್ಟಾಲಂ ಬಸ್ಸಿನ ಕೊನೆಯ ಸೀಟು

ಅಮೃತಹಳ್ಳಿ,
ಫೆಬ್ರವರಿ ೧೯, ೨೦೨೫

ಶ್ರೀ ಜಯಸಿಂಹ ಅವರಿಗೆ ಗೋದಾ ಮಾಡುವ ನಮಸ್ಕಾರಗಳು.

ಕಟ್ಟಿಕೊಂಡ ಗಂಡನಿಗೆ ಬ್ಯಾಂಕಿನವರ ಹಾಗೆ ಬರೆದಿದ್ದಾಳೆ ಎಂದು ನಗಬೇಡಿ. ಸದ್ದಿಲ್ಲದೆ ನಗುವುದನ್ನು ಆಸ್ಪತ್ರೆಯಲ್ಲಿ ಕಲಿಸಿಕೊಟ್ಟಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಫೋನ್ ಮಾಡಿದರೆ ನೀವು ಮಾತಾಡುವ ಹಾಗಿಲ್ಲ, ಮೆಸೇಜು ಹಾಕಿದರೆ ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಕಾಗದವಾದರೆ ಓದಿ ಮಡಿಸಿಯಾದರೂ ಇಡುತ್ತೀರಿ.

ನಿಮ್ಮ ಪತ್ರ ಸೋಮವಾರ ಬಂತು. ಅಷ್ಟು ವರ್ಷ ಮೈಕು ಹಿಡಿದ ಮನುಷ್ಯ ಎರಡೇ ಸಾಲು ಬರೆದಿದ್ದೀರಿ. ನಿಮ್ಮ ಧ್ವನಿಯನ್ನು ನನ್ನ ಬಸ್ಸಿನಿಂದ ತೆಗೆದುಬಿಡಬೇಕಂತೆ. ಅದಾಗದಿದ್ದರೆ ಬಂಡೆಯ ಕಥೆಯ ಕೊನೆಯಲ್ಲಿರುವ ಎರಡು ಮಾತನ್ನಾದರೂ ತೆಗೆಯಬೇಕಂತೆ, ಅವನ್ನು ನೀವು ಪ್ಯಾಸೆಂಜರುಗಳಿಗೆ ಹೇಳಿದ್ದಲ್ಲವಂತೆ. ನಾನು ಹಾಳೆ ತಿರುಗಿಸಿ ನೋಡಿದೆ. ಹಿಂದುಗಡೆ ಖಾಲಿ. ಬಸ್ಸಿನ ತುಂಬ ಜನರ ಮುಂದೆ ನಿಮ್ಮನ್ನು ಸಾಯಿಸಿ, ಫೋಟೋಗೆ ಗಂಧದ ಹಾರ ಹಾಕಿ, ಅದೇ ಬಸ್ಸಿನ ಕೊನೆಯ ಸೀಟಿನಲ್ಲಿ ಕೂರಿಸಿಕೊಂಡು ಹೋದವಳು ನಾನು. ಅದರ ಬಗ್ಗೆ ಒಂದಕ್ಷರ ಇಲ್ಲ. ಬೈಗುಳ ಬಂದಿದ್ದರೆ ಸಮಾಧಾನವಾಗಿ ಓದುತ್ತಿದ್ದೆ.

ಮೊದಲು ಆ ಧ್ವನಿ ಯಾರದ್ದು ಎಂಬುದು ತೀರ್ಮಾನವಾಗಲಿ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಟೂರಿಸ್ಟ್ ಬಸ್ಸುಗಳ ಕಿಟಕಿಗೆ ಪುಳಿಯೋಗರೆ ಪೊಟ್ಟಣ ಎತ್ತಿ ಕೊಡುತ್ತಿದ್ದವಳು ನಾನು. ಆಗ ಪೀಣ್ಯದ ಫ್ಯಾಕ್ಟರಿ ಮುಚ್ಚಿ ನೀವು ಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದಿರಿ, ಅದೂ ಪಕ್ಕದ ಮನೆಗೆ ಕೇಳುವ ಹಾಗೆ. ಸೊಪ್ಪಿನ ರೇಟನ್ನು ಓದಿದರೂ ಪುರಾಣದ ಹಾಗೆ ಕೇಳಿಸುತ್ತಿತ್ತು. ಅದನ್ನು ಕೇಳಿಯೇ ಒಂದು ಬಸ್ಸು ಬಾಡಿಗೆಗೆ ಹಿಡಿದೆ, ನಿಮ್ಮ ಕೈಗೆ ಮೈಕು ಕೊಟ್ಟೆ. ಗಂಟಲು ದೇವರು ಕೊಟ್ಟದ್ದು ಎಂದು ನೀವು ಹೇಳಿಕೊಂಡು ತಿರುಗಿದಿರಿ. ಇರಬಹುದು. ಮೈಕು ಕೊಟ್ಟವಳು ನಾನು.

ನಟ್ಟಾಲಂ ಹುಡುಕಿದ್ದು ಮಾತ್ರ ನೀವು, ಒಪ್ಪಿದೆ. ಶಿವರಾತ್ರಿಗೆ ಕನ್ಯಾಕುಮಾರಿ ಸೀಮೆಯ ಜನ ಹನ್ನೆರಡು ಶಿವಾಲಯಗಳಿಗೆ ಗೋವಿಂದಾ ಗೋಪಾಲಾ ಎಂದು ಕೂಗುತ್ತ ಓಡುತ್ತಾರೆ, ಆ ಓಟದ ಕೊನೆಯ ಗುಡಿ ಇರುವುದು ನಟ್ಟಾಲಂನಲ್ಲಿ. ಅದೇ ಊರಿನಲ್ಲಿ ಮುನ್ನೂರು ವರ್ಷದ ಹಿಂದೆ ನೀಲಕಂಠ ಪಿಳ್ಳೆ ಎಂಬುವವನು ಹುಟ್ಟಿದ. ತಿರುವಾಂಕೂರಿನ ಅರಮನೆಯಲ್ಲಿ ಅಧಿಕಾರಿಯಾಗಿದ್ದವನು ಕ್ರೈಸ್ತನಾಗಿ ದೇವಸಹಾಯಂ ಎಂದು ಹೆಸರಿಟ್ಟುಕೊಂಡ. ಅವನಿಗೆ ಸಂಕೋಲೆ ಹಾಕಿ, ಕೋಣದ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಸುತ್ತಿಸಿ, ಕೊನೆಗೆ ಕಾಟ್ರಾಡಿಮಲೆ ಎಂಬ ಗುಡ್ಡದ ಮೇಲೆ ಗುಂಡಿಕ್ಕಿ ಕೊಂದರು. ರೋಮಿನಲ್ಲಿ ಸಂತ ಪದವಿ ಕೊಟ್ಟ ಮೇಲಂತೂ ನಮ್ಮ ಕಡೆಯ ಚರ್ಚುಗಳವರು ಸೀಟಿಗೆ ಸಾಲು ನಿಂತರು. ಒಂದೇ ಊರು, ಎರಡು ಬಗೆಯ ಗಿರಾಕಿ, ಒಂದು ಬಸ್ಸು. ಹಣೆಗೆ ನಾಮ ಹಾಕಿದ ಅಯ್ಯಂಗಾರಿ ಆ ಕಥೆ ಹೇಳುತ್ತಿದ್ದರೆ ಚರ್ಚಿನ ಹೆಂಗಸರು ಅಳುತ್ತಿದ್ದರು, ಗುಡಿಗೆಂದು ಬಂದವರು ಅವರಿಗಿಂತ ಜೋರಾಗಿ ಅಳುತ್ತಿದ್ದರು. ನಾನು ಮಾತ್ರ ಅಳಲಿಲ್ಲ, ಇಡ್ಲಿ ಎಣಿಸುವ ಕೆಲಸ ಇರುತ್ತಿತ್ತು.

ನಿಮಗೆ ಜ್ವರ ಬಂದರೆ ಬಸ್ಸು ನಿಲ್ಲಬಾರದು ಎಂದು ಒಂದು ಸಲ ಇಡೀ ಕಥೆಯನ್ನು ರೆಕಾರ್ಡ್ ಮಾಡಿಸಿಟ್ಟೆ. ನಿಮ್ಮ ಎದುರಿಗೇ ಮಾಡಿಸಿದ್ದು, ಕದ್ದದ್ದಲ್ಲ. ಎರಡು ವರ್ಷದ ಹಿಂದೆ, ನಾನು ನಿಮ್ಮನ್ನು ಮೈಕ್ ಸ್ಟ್ಯಾಂಡ್ ಮಾಡಿಬಿಟ್ಟೆ ಎಂದು ಹೇಳಿ ಸಹಕಾರನಗರದ ರಂಜನಿಯ ಮನೆಗೆ ಹೊರಟಿರಲ್ಲ, ಆಗ ಅಲಮಾರಿಯಿಂದ ಪಂಚೆ ತೆಗೆದುಕೊಂಡಿರಿ, ಪಂಚಪಾತ್ರೆ ತೆಗೆದುಕೊಂಡಿರಿ, ಆ ರೆಕಾರ್ಡಿನ ಪೆನ್ ಡ್ರೈವ್ ಕೇಳಲಿಲ್ಲ. ಬಿಟ್ಟುಹೋದದ್ದು ಬಿಟ್ಟುಹೋದವರದ್ದಲ್ಲ. ನನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳಿ.

ಆಮೇಲೆ ನಿಮ್ಮ ಗಂಟಲಿಗೆ ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆದು ಕತ್ತಿಗೊಂದು ತೂತು ಇಟ್ಟರಂತೆ. ರಂಜನಿ ನಿಮ್ಮನ್ನು ಟಿ. ದಾಸರಹಳ್ಳಿಯ ರೂಮಿಗೆ ಸಾಗಿಸಿದ ಸುದ್ದಿ ತಿಂಗಳೊಳಗೆ ನನಗೆ ಮುಟ್ಟಿತು. ಅವಳನ್ನು ನಾನು ಬೈಯುವುದಿಲ್ಲ. ಅವಳು ಬಂದದ್ದು ಧ್ವನಿಗೆ. ಸರಕು ಇಲ್ಲದ ಅಂಗಡಿಯ ಮುಂದೆ ಯಾರು ನಿಲ್ಲುತ್ತಾರೆ?

ಡಿಸೆಂಬರಿನಲ್ಲಿ ನೀವು ನನ್ನ ಆಫೀಸಿಗೆ ಬಂದಿರಿ. ಕತ್ತಿಗೆ ಮಫ್ಲರ್, ಕೈಯಲ್ಲಿ ಮಕ್ಕಳ ಸ್ಲೇಟು. ನಟ್ಟಾಲಂಗೆ ಒಂದು ಸಲ ಕರೆದುಕೊಂಡು ಹೋಗು ಎಂದು ಬರೆದಿರಿ. ಅಕ್ಷರ ಮೊದಲಿನ ಹಾಗೇ ದುಂಡಗಿತ್ತು. ನಾನು ಕೊನೆಯ ಸಾಲಿನ ನಡುವಿನ ಸೀಟು ಕೊಟ್ಟೆ. ಸೀಟಿನ ಚಾರ್ಟಿನಲ್ಲಿ ನಿಮ್ಮ ಹೆಸರಿನ ಬದಲು ಪಿಳ್ಳಪ್ಪ, ಟಿ. ದಾಸರಹಳ್ಳಿ ಎಂದು ಬರೆದೆ. ಅದನ್ನು ನೀವು ನೋಡಿದಿರಿ, ಏನೂ ಹೇಳಲಿಲ್ಲ. ಅಂದರೆ, ಬರೆಯಲಿಲ್ಲ.

ಹೊರಡುವ ಸಂಜೆ ಬಸ್ಸು ಹತ್ತುವಾಗ ಡ್ರೈವರ್ ತಲೆಯ ಮೇಲಿನ ಫೋಟೋ ನೋಡಿ ನಿಂತುಬಿಟ್ಟಿರಿ. ಮೀಸೆ ಇದ್ದ ಕಾಲದ ನಿಮ್ಮ ಫೋಟೋ. ಹಾರ, ಸಣ್ಣ ಕೆಂಪು ಬಲ್ಬು, ಎಲ್ಲ ಕ್ರಮವಾಗಿ ಇತ್ತು. ಸ್ಲೇಟಿನ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು ತೋರಿಸಿದಿರಿ. ಆಗ ನಿಮ್ಮ ಕಿವಿಯಲ್ಲಿ ನಾನು ಹೇಳಿದ ಮಾತು ನೆನಪಿರಬೇಕು. ಇದೇ ಸ್ಲೇಟಿನ ಮೇಲೆ ತಪ್ಪಾಯಿತು ಎಂದು ಬರೆದು ಎಲ್ಲರೆದುರು ಎತ್ತಿ ಹಿಡಿಯಿರಿ, ಆ ಕ್ಷಣಕ್ಕೆ ಹಾರ ತೆಗೆದು, ಈ ಧ್ವನಿ ಇವರದ್ದೇ, ಇವರು ನಮ್ಮ ಮನೆಯವರು ಎಂದು ಮೈಕಿನಲ್ಲಿ ಹೇಳುತ್ತೇನೆ ಎಂದೆ. ಒಂದೇ ಒಂದು ಮಾತು ಕೇಳಿದೆ. ನೀವು ಸ್ಲೇಟನ್ನು ತೋಳಿನಿಂದ ಒರೆಸಿ ಕೊನೆಯ ಸೀಟಿಗೆ ನಡೆದಿರಿ.

ಬೆಳಿಗ್ಗೆ ನಟ್ಟಾಲಂ ಹತ್ತಿರ ಬಂದಾಗ ಧ್ವನಿ ಹಾಕಿದೆ. ಹಾಕುವ ಮೊದಲು ನಮ್ಮ ಯಜಮಾನರು ತೀರಿಹೋದರು, ಇದೊಂದು ಬಿಟ್ಟುಹೋಗಿದ್ದಾರೆ ಎಂದು ಪರಿಚಯ ಮಾಡಿಕೊಟ್ಟೆ. ನಾಲ್ಕನೇ ಸಾಲಿನಲ್ಲಿದ್ದ ಫಿಲೋಮಿನಾ ಟೀಚರ್, ಹೆಬ್ಬಾಳದವರು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. "ಎಂಥಾ ವಾಯ್ಸ್ ಮೇಡಂ, ಇಂಥೋರ‍್ನೇ ದೇವ್ರು ಬೇಗ ಕರ‍್ಕೊಳ್ಳೋದು," ಎಂದರು. ಪಕ್ಕದಲ್ಲಿ, ನೀವು ಹೋದ ಮೇಲೆ ಅಮೃತಹಳ್ಳಿಯ ನಮ್ಮ ಬೀದಿಗೆ ಬಂದ ಕೃಷ್ಣಮ್ಮ, ಶಿವಾಲಯಕ್ಕೆಂದು ಹೊರಟವಳು, ಸೆರಗಿನಿಂದ ಮೂಗು ಒರೆಸಿಕೊಂಡು, "ಎಂಗ್ ಏಳ್ತಾ ಅವ್ರೆ ನೋಡವ್ವ, ಎದುರ‍್ಗೇ ಕುಂತಂಗೈತೆ," ಎಂದಳು. ನೀವು ಎದುರಿಗಲ್ಲ, ಹಿಂದೆ ಕುಳಿತಿದ್ದಿರಿ. ಕನ್ನಡಿಯಲ್ಲಿ ನೋಡಿದೆ. ನಿಮ್ಮ ತುಟಿಗಳು ನಿಮ್ಮ ಧ್ವನಿಯ ಜೊತೆಗೇ ಅಲ್ಲಾಡುತ್ತಿದ್ದವು, ಒಂದು ಮಾತೂ ಹಿಂದುಮುಂದಾಗದೆ.

ಮುಂದಿನದ್ದು ನಾನು ಮಾಡಿಸಿದ್ದಲ್ಲ, ಅದನ್ನು ನನ್ನ ಲೆಕ್ಕಕ್ಕೆ ಬರೆಯಬೇಡಿ. ದೇವಸಹಾಯಂ ಹುಟ್ಟಿದ ಜಾಗದ ಚರ್ಚಿನಲ್ಲಿ ಪೂಜೆ ಇತ್ತು. ಫಿಲೋಮಿನಾ ಟೀಚರ್ ನನ್ನನ್ನು ಕೇಳದೆ ಸತ್ತವರ ಪ್ರಾರ್ಥನೆಗೆ ನಿಮ್ಮ ಹೆಸರು ಬರೆದುಕೊಟ್ಟಿದ್ದರು. ಪಾದ್ರಿಗಳು ತಮಿಳಿನಲ್ಲಿ ಓದುತ್ತ ಓದುತ್ತ ಜಯಸಿಂಹ ಎಂದಾಗ ಬೆಂಚಿನ ತುದಿಯಲ್ಲಿ ನೀವು ತಲೆ ಎತ್ತಿದಿರಿ, ಹಾಜರಿ ಕರೆದಾಗ ಎತ್ತುವ ಹಾಗೆ. ಎಲ್ಲರೂ ನಿಮ್ಮ ಆತ್ಮಕ್ಕೆ ಶಾಂತಿ ಕೋರಿದರು. ಎಲ್ಲರೂ ಎದ್ದು ನಿಂತರೆಂದು ನೀವೂ ಎದ್ದು ನಿಂತಿರಿ.

ಅಲ್ಲಿಂದ ಶಿವನ ಗುಡಿಗೆ ಬಂದರೆ ಕೃಷ್ಣಮ್ಮ ಹಿಂದೆ ಬೀಳುವವಳೇ? ಚರ್ಚಿನವರು ಮಾಡಿದ ಮೇಲೆ ನಾವು ಸುಮ್ಮನಿರಬಾರದು ಎಂದು ಯಜಮಾನರ ಹೆಸರಿನಲ್ಲಿ ಮೋಕ್ಷದೀಪ ಹಚ್ಚುತ್ತೇನೆಂದು ಹಟ ಹಿಡಿದಳು. ದೀಪದ ತಟ್ಟೆ ಹಿಡಿಯಲು ಎತ್ತರದ ಗಂಡಸು ಬೇಕಿತ್ತು. "ಪಿಳ್ಳಪ್ನೋರೇ, ಒಸಿ ಇಡ್ಕಳಿ," ಎಂದು ನಿಮ್ಮನ್ನೇ ಕರೆದಳು. ಆ ಕಡೆಯ ಗುಡಿಗಳಲ್ಲಿ ಗಂಡಸರು ಅಂಗಿ ತೆಗೆಯಬೇಕು. ನೀವು ಅಂಗಿ ತೆಗೆದಿರಿ, ಮಫ್ಲರನ್ನೂ ತೆಗೆದಿರಿ. "ಅಯ್ಯೋ, ಈವಯ್ಯಂಗೆ ಗಂಟ್ಲೇ ಇಲ್ವಲ್ಲವ್ವಾ!" ಎಂದು ಕೃಷ್ಣಮ್ಮ ಕೂಗಿದ್ದು ಗುಡಿಗೆಲ್ಲ ಕೇಳಿಸಿತು. ನಾನು ಬತ್ತಿ ನೋಡುತ್ತಿದ್ದೆ. ಬತ್ತಿ ಚೆನ್ನಾಗಿ ಉರಿಯುತ್ತಿತ್ತು. ಒಟ್ಟಿನಲ್ಲಿ ಒಂದೇ ಬೆಳಿಗ್ಗೆ, ಒಂದೇ ಊರಿನಲ್ಲಿ, ಎರಡು ಧರ್ಮದವರೂ ಸೇರಿ ನಿಮ್ಮನ್ನು ದಾಟಿಸಿದರು. ರಾಜಮಹಾರಾಜರಿಗೂ ಇಷ್ಟು ಸಿಕ್ಕಿರಲಿಕ್ಕಿಲ್ಲ.

ಪದ್ಮನಾಭಪುರದ ಅರಮನೆಯಲ್ಲಿ ಎಲ್ಲರೂ ಮರದ ಕೆತ್ತನೆ ನೋಡುತ್ತಿದ್ದಾಗ ನಿಮ್ಮನ್ನು ಒಂದು ಕಂಬದ ಪಕ್ಕಕ್ಕೆ ಕರೆದು ಎರಡನೆಯ ಸಲ ಕೇಳಿದೆ. ಸ್ಲೇಟು ಬಗಲಲ್ಲೇ ಇತ್ತು. ನೀವು ಕನ್ನಡಿಯಂತೆ ಹೊಳೆಯುವ ಆ ಕಪ್ಪು ನೆಲವನ್ನು ನೋಡುತ್ತ ನಿಂತಿರಿ. ಮೊಟ್ಟೆಯ ಬಿಳಿ ಸೇರಿಸಿ ಆ ನೆಲ ಮಾಡಿದ್ದಾರೆಂದು ಹೇಳುವಾಗ ನೀವು ಅಯ್ಯಂಗಾರಿಯ ಮುಖ ಮಾಡಿಕೊಂಡು ಜನರನ್ನು ನಗಿಸುತ್ತಿದ್ದಿರಿ. ಆವತ್ತು ಅಲ್ಲಿ ಧ್ವನಿ ಹಾಕಲಿಲ್ಲ. ಅರಮನೆಯೊಳಗೆ ಸ್ಪೀಕರ್ ಬಿಡುವುದಿಲ್ಲ.

ಮಧ್ಯಾಹ್ನ ಪುಲಿಯೂರ್‌ಕುರಿಚ್ಚಿ. ಬಂಡೆಯ ಆ ಬುಗ್ಗೆಯ ಪಕ್ಕದಲ್ಲಿ ಸ್ಪೀಕರ್ ಇಟ್ಟೆ. ಬಾಯಾರಿದ ದೇವಸಹಾಯಂ ನೀರು ಕೇಳುತ್ತಾನೆ, ಸಿಪಾಯಿಗಳು ಚಿಪ್ಪಿನಲ್ಲಿ ಪಾಚಿಗಟ್ಟಿದ ಕೊಳಕು ನೀರು ತಂದು ಕೊಡುತ್ತಾರೆ, ಇನ್ನೂ ಸ್ವಲ್ಪ ಎಂದರೆ ಅದೂ ಇಲ್ಲ, ಸಂಕೋಲೆಯ ಕೈಯನ್ನು ಮಡಚಿ ಮೊಣಕೈಯಿಂದ ಬಂಡೆ ಗುದ್ದುತ್ತಾನೆ, ನೀರು ಚಿಮ್ಮುತ್ತದೆ. ಆ ಮಾತಿಗೆ ನೀವು ಯಾವಾಗಲೂ ಒಂದು ಉಸಿರು ನಿಲ್ಲಿಸುತ್ತಿದ್ದಿರಿ. ಜನ ಕಣ್ಣೊರೆಸಿಕೊಳ್ಳುತ್ತಿರುವಾಗ ಮೈಕು ಕೆಳಗಿಳಿಸಿ, ಬೇರೆಯದೇ ಧ್ವನಿಯಲ್ಲಿ, "ಗೋದಾ, ನೀರು," ಎನ್ನುತ್ತಿದ್ದಿರಿ. ಅಳುತ್ತಿದ್ದವರೆಲ್ಲ ನಗುತ್ತಿದ್ದರು. ನಾನು ಬಾಟಲಿ ಹಿಡಿದು ಎದ್ದು ಬರುತ್ತಿದ್ದೆ. ಪ್ರತಿ ಪ್ರವಾಸದಲ್ಲೂ ಅದು ಇದ್ದದ್ದೇ. ಜನ ಅದನ್ನು ನಾಟಕದ ಭಾಗ ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನೀವು ಅದು ಪ್ಯಾಸೆಂಜರುಗಳಿಗೆ ಹೇಳಿದ್ದಲ್ಲ ಎಂದು ಬರೆದಿದ್ದೀರಿ. ಆಗಲೇ ಹೇಳಬಹುದಿತ್ತು, ಆಗ ಬಾಯಿತ್ತು.

ರೆಕಾರ್ಡಿನಲ್ಲೂ ಅದು ಬಂತು. ಜನ ನಕ್ಕರು. ನಾನು ಬಾಟಲಿ ಹಿಡಿದು ಎದ್ದೆ. ಗುಂಪಿನ ಹಿಂದೆ ನಿಮ್ಮ ಬಲಗೈ ತಾನೇ ಮುಂದೆ ಬಂದಿತ್ತು, ಅಂಗೈ ಮೇಲಾಗಿ. ಒಂದಿಬ್ಬರು ತಿರುಗಿ ನೋಡಿದರು. ನಾನು ಮುಚ್ಚಳ ತೆಗೆದು, ನಿಮ್ಮನ್ನು ನೋಡುತ್ತಲೇ, ನೀರು ನಾನೇ ಕುಡಿದೆ. ಪೂರ್ತಿ ಕುಡಿದೆ. ಬಾಯಾರಿಕೆ ಇರಲಿಲ್ಲ.

ಕೊನೆಗೆ ಆರಲ್ವಾಯ್‌ಮೊಳಿಯ ಆ ಕಾಟ್ರಾಡಿಮಲೆ ಗುಡ್ಡ ಹತ್ತಿದೆವು. ಗಾಳಿಯೆಂದರೆ ಗಾಳಿ, ಕೃಷ್ಣಮ್ಮನ ಸೆರಗು ಫಿಲೋಮಿನಾ ಟೀಚರ ಮುಖಕ್ಕೆ ಬಡಿಯುತ್ತಿತ್ತು. ನೀವು ಮೂರು ಕಡೆ ಕೂತು ಕೂತು ಹತ್ತಿದಿರಿ. ಕತ್ತಿನ ಆ ತೂತಿನಿಂದ ಉಸಿರಾಡುವಾಗ ಸೈಕಲ್ ಪಂಪಿನ ಹಾಗೆ ಸದ್ದು ಬರುತ್ತದೆ, ಅದು ನಿಮಗೆ ಕೇಳಿಸುತ್ತದೆಯೋ ಇಲ್ಲವೋ. ಮೇಲೆ ಹೋಗಿ ಧ್ವನಿ ಹಾಕಿದೆ. ಒಂದು ಮಾತು ಹೇಳು, ಬಂದ ದಾರಿಗೆ ಹಿಂದಿರುಗುತ್ತೇನೆ ಎನ್ನು, ಪದವಿ ಕೊಡುತ್ತೇವೆ, ಮನೆ ಕೊಡುತ್ತೇವೆ ಎಂದು ಅಧಿಕಾರಿ ಕೇಳುವ ಜಾಗ ಬರುತ್ತದಲ್ಲ, ಅಲ್ಲಿಗೆ ಸ್ಪೀಕರ್ ಆಫ್ ಮಾಡಿದೆ. ಕೆಟ್ಟುಹೋಯಿತು ಎಂದು ಜನರಿಗೆ ಹೇಳಿದೆ. ಕೆಟ್ಟಿಲ್ಲ ಎಂಬುದು ನಿಮಗೆ ಗೊತ್ತಾಯಿತು. ನಿಮ್ಮನ್ನೇ ನೋಡುತ್ತ ನಿಂತೆ.

ನೀವು ಬಳಪ ತೆಗೆದಿರಿ. ನಿಜ ಹೇಳುತ್ತೇನೆ, ನನ್ನ ಕೈ ಆಗಲೇ ಮೈಕಿನ ಸ್ವಿಚ್ಚಿನ ಮೇಲಿತ್ತು. ಹೇಳಬೇಕಾದ ಮಾತನ್ನು ಬೆಂಗಳೂರಿನಿಂದಲೇ ಹೊಂದಿಸಿಕೊಂಡು ಬಂದಿದ್ದೆ. ನೀವು ಬರೆದು ಸ್ಲೇಟನ್ನು ತಲೆಯ ಮೇಲೆ ಎತ್ತಿ ಹಿಡಿದಿರಿ.

ನೀರು.

ಅಷ್ಟೇ. ತಪ್ಪಾಯಿತು ಅಲ್ಲ, ದಯವಿಟ್ಟು ಅಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಹೇಗೆ ಕೇಳಿದ್ದಿರೋ ಹಾಗೆ. ಕೃಷ್ಣಮ್ಮ ಓಡಿಬಂದು ತನ್ನ ಬಾಟಲಿ ಕೊಟ್ಟಳು, ನೀವು ತೆಗೆದುಕೊಳ್ಳಲಿಲ್ಲ. ಫಿಲೋಮಿನಾ ಟೀಚರ್ ತಮ್ಮದು ಕೊಟ್ಟರು, ಅದನ್ನೂ ತಳ್ಳಿ ನನ್ನ ಕಡೆ ಬೆರಳು ತೋರಿಸಿದಿರಿ. ಟೀಚರ್ ನಿಮ್ಮನ್ನು ನೋಡಿದರು, ನನ್ನನ್ನು ನೋಡಿದರು. ಜೀವನವಿಡೀ ಹುಡುಗರ ಕಾಪಿ ಹಿಡಿದವರು, ಅವರಿಗೆ ಎಷ್ಟು ಹೊತ್ತು ಬೇಕು? ಬಾಟಲಿಯನ್ನು ನನ್ನ ಕೈಗೆ ಇಟ್ಟು ಮೆಲ್ಲಗೆ, "ನೀವೇ ಕೊಡಿ ಮೇಡಂ," ಎಂದರು.

ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ಗೊತ್ತಿತ್ತು. ಇಷ್ಟು ವರ್ಷದಲ್ಲಿ ಗಿರಾಕಿಯ ಮುಂದೆ ನಾನು ಒಂದು ದಿನ ಮುಖ ಸಿಂಡರಿಸಿದವಳಲ್ಲ. ಬಾಟಲಿಯ ಮುಚ್ಚಳ ತೆಗೆದೆ, ನಿಮ್ಮ ಕಾಲ ಬಳಿ ಬಂಡೆಯ ಮೇಲೆ ಸುರಿದೆ. ಕೊನೆಯ ಹನಿ ಬೀಳುವವರೆಗೂ ಬಾಟಲಿಯನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದೆ. ಕೃಷ್ಣಮ್ಮ, "ಥೂ, ಎಂಥ ಎಂಗ್ಸವ್ವ ನೀನು," ಎಂದಳು. ದಿನಾ ಬೆಳಿಗ್ಗೆ ಅವಳು ನನ್ನ ಮನೆ ಮುಂದೆಯೇ ಹಾಲಿಗೆ ಹೋಗಬೇಕು, ಆದರೂ ಅಂದಳು.

ಆಗ ನೀವು ಬಗ್ಗಿ ಒಂದು ಕಲ್ಲು ತೆಗೆದುಕೊಂಡಿರಿ. ನನ್ನ ಮೇಲೆ ಎಸೆಯುತ್ತೀರಿ ಎಂದುಕೊಂಡೆ. ಎಸೆದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ನೀವು ತಿರುಗಿ, ಜನ ಹೊಡೆದು ನೋಡುವ ಆ ಬಂಡೆಗೆ ಹೊಡೆದಿರಿ. ಅದು ಗಂಟೆಯ ಹಾಗೆ ಮೊಳಗಿತು. ಗುಂಡಿನ ಜಾಗ ಬಂದಾಗ ಕಥೆಯಲ್ಲಿ ಎಷ್ಟು ಸಲ ಹೊಡೆಯುತ್ತಿದ್ದಿರೋ ಅಷ್ಟೇ ಹೊಡೆದು ಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟಿರಿ. ಕಥೆ ಮುಗಿಯಿತೆಂದು ಎಲ್ಲರಿಗೂ ಗೊತ್ತಾಯಿತು. ಸ್ಪೀಕರ್ ಆನ್ ಮಾಡಿ ಎಂದು ಯಾರೂ ಕೇಳಲಿಲ್ಲ.

ಇಳಿದು ಬರುವಷ್ಟರಲ್ಲಿ ಫೋಟೋದ ಹಾರ ಇರಲಿಲ್ಲ. ವಾಪಸು ಬರುವಾಗ ಟೀಚರ್ ನಾಲ್ಕನೇ ಸಾಲು ಬಿಟ್ಟು ಕೊನೆಯ ಸಾಲಿನಲ್ಲಿ ನಿಮ್ಮ ಪಕ್ಕ ಕೂತಿದ್ದರು, ಅವರ ಬ್ಯಾಗಿನಿಂದ ಗಂಧದ ವಾಸನೆ ಬರುತ್ತಿತ್ತು. ಕೇಳಲಿಲ್ಲ. ಯಶವಂತಪುರದ ಮಾರ್ಕೆಟ್ಟಿನಲ್ಲಿ ಬೇರೆ ತಂದು ಹಾಕಿದ್ದೇನೆ, ಇದು ಮೊದಲಿನದಕ್ಕಿಂತ ದಪ್ಪ.

ಈಗ ನಿಮ್ಮ ಪತ್ರಕ್ಕೆ ಉತ್ತರ. ಧ್ವನಿಯನ್ನು ಬಸ್ಸಿನಿಂದ ತೆಗೆಯುವುದಿಲ್ಲ. ಬರುವ ಬುಧವಾರ ಶಿವರಾತ್ರಿಗೆ ಸೀಟೆಲ್ಲ ತುಂಬಿದೆ. ಸತ್ತ ಯಜಮಾನರು ಹಿಂದಿನ ಸೀಟಿನಲ್ಲಿ ಬರುತ್ತಾರಂತೆ, ನಿಜವಾ ಎಂದು ಕೇಳಿಕೊಂಡೇ ಅರ್ಧ ಜನ ಬುಕ್ ಮಾಡಿದ್ದಾರೆ. ನನಗೆ ಕೆಟ್ಟ ಹೆಸರು ಬಂದಷ್ಟೂ ಬಸ್ಸು ತುಂಬುತ್ತಿದೆ, ಇದು ನನಗೂ ಹೊಸ ಪಾಠ. ನೀವು ಬಂದರೆ ಬನ್ನಿ. ಈ ಸಲ ಮುಂದಿನ ಸೀಟು, ನಿಮ್ಮ ಫೋಟೋದ ಕೆಳಗೇ. ಸ್ಲೇಟು ತನ್ನಿ. ಏನು ಬರೆಯಬೇಕು ಎಂಬುದು ನಿಮಗೆ ಗೊತ್ತಿದೆ. ಬರೆಯುವವರೆಗೆ ನಿಮ್ಮ ಗಂಟಲು ನನ್ನ ಕೀ ಗೊಂಚಲಿನಲ್ಲೇ ಇರುತ್ತದೆ, ಆಫೀಸಿನ ಬೀಗದ ಕೈಯ ಪಕ್ಕ.

ಆ ಎರಡು ಮಾತಿನ ವಿಷಯ ಇನ್ನೂ ತೀರ್ಮಾನಿಸಿಲ್ಲ. ಅದು ಬಂದಾಗ ಜನ ನಗುತ್ತಾರೆ. ನಗುವ ಜಾಗವನ್ನು ಸುಮ್ಮನೆ ಕಳೆದುಕೊಳ್ಳುವುದು ವ್ಯಾಪಾರವಲ್ಲ.

ಚಳಿಗೆ ಕತ್ತು ಮುಚ್ಚಿಕೊಳ್ಳಿ. ಆ ನೀಲಿ ಮಫ್ಲರ್ ಬೇಡ, ಅದು ಅವಳು ಕೊಡಿಸಿದ್ದೆಂದು ನೋಡಿದರೇ ಗೊತ್ತಾಗುತ್ತದೆ.

ಇಂತಿ,
ನಿಮ್ಮ ಫೋಟೋಗೆ ಹಾರ ಹಾಕಿದ
ಗೋದಾ

ವಿ.ಸೂ.: ಕಾಗದ ಅಂಟಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಎರಡು ಮಾತನ್ನು ತೆಗೆಸಿಬಿಟ್ಟೆ. ನಿಮಗೋಸ್ಕರ ಅಲ್ಲ. ಜಕ್ಕೂರಿನ ಶೆಡ್ಡಿನಲ್ಲಿ ಖಾಲಿ ಬಸ್ಸಿನಲ್ಲಿ ಕೂತು ಸರಿಯಾಗಿದೆಯೇ ಎಂದು ಒಂದು ಸಲ ಹಾಕಿ ಕೇಳಿದೆ. ಬಂಡೆಯಿಂದ ನೀರು ಚಿಮ್ಮಿತು, ನೀವು ಉಸಿರು ನಿಲ್ಲಿಸಿದಿರಿ, ಅಲ್ಲಿಗೆ ಮುಗಿಯಿತು, ಏನೂ ಬರಲಿಲ್ಲ. ಡ್ರೈವರ್ ತಿರುಗಿ, "ಯಾಕಮ್ಮಾ, ಏನಾಯ್ತು?" ಎಂದು ಕೇಳಿದ. ಆಗ ನೋಡಿಕೊಂಡೆ. ನಾನು ಎದ್ದು ನಿಂತಿದ್ದೆ, ಕೈಯಲ್ಲಿ ಬಾಟಲಿ ಇತ್ತು, ಮುಚ್ಚಳ ತೆಗೆದಾಗಿತ್ತು.